ನಾಲ್ಕು ಡಿಗ್ರಿಯಲ್ಲಿ ದೊಡ್ಡಪ್ಪ

ಕಲ್ಮೇಶನ ಮುಂದೆ ತಿಳಿದವರು ಯಾರೂ ತಂಪಿನ ಸುದ್ದಿ ಎತ್ತುತ್ತಿರಲಿಲ್ಲ. ಒಂದು ಮದುವೆಮನೆಯಲ್ಲಿ ಮಜ್ಜಿಗೆ ಲೋಟ ಹಿಡಿದು ‘ಏನ್ ತಂಪ ಐತಪಾ’ ಎಂದು ಬಾಯಿತಪ್ಪಿ ಅಂದ ಬೀಗರೊಬ್ಬರು, ಎರಡು ಪಂಕ್ತಿ ಎದ್ದು ಹೋಗುವ ತನಕ ಅವನಿಂದ ಬಿಡಿಸಿಕೊಳ್ಳಲಾಗದೆ, ಕೊನೆಗೆ ಬರೀ ಅನ್ನ ಸಾರು ಉಂಡು ರಾಮದುರ್ಗದ ಬಸ್ಸು ಹತ್ತಿದ್ದರು.

‘ತಂಪ ಅನ್ನೂದು ಜಗತ್ತಿನ್ಯಾಗ ಇಲ್ಲರಿ,’ ಎಂದು ಅವನು ಶುರು ಮಾಡುವನು. ‘ಇರೂದು ಬಿಸಿ ಒಂದ. ಚಿಲ್ಲರ್ ತಂಪ ಕೊಡೂದಿಲ್ಲ. ಇಲ್ಲಿ ಬಿಸಿ ಎತ್ತಿ ಅಲ್ಲಿ ಒಗಿತೈತಿ.’

ಆಮೇಲೆ ಅವನನ್ನು ತಡೆಯುವವರಿರಲಿಲ್ಲ. ಚಿಲ್ಲರ್ ಎಂಬ ತಂಪಿನ ಮಷಿನ್ನಿನ ಕೊಳವೆಯೊಳಗೆ ಹರಿಯುವ ಗ್ಯಾಸು ಎಷ್ಟು ಸೂಕ್ಷ್ಮವೆಂದರೆ, ಆಗತಾನೆ ಕರೆದ ಹಾಲಿನ ಬಿಸುಪು ತಾಕಿದರೂ ಸಾಕು, ಕುದಿದು ಆವಿಯಾಗಿ ಆ ಬಿಸಿಯನ್ನು ಹೊತ್ತುಕೊಂಡು ಹೊರಡುತ್ತದೆ. ಕಂಪ್ರೆಸರ್ ಅದನ್ನು ಹಿಂಡುತ್ತದೆ. ಹಿಂಡಿಸಿಕೊಂಡ ಗ್ಯಾಸು ಹೊರಗಿನ ಸುರುಳಿಯಲ್ಲಿ ಬಿಸಿಯನ್ನೆಲ್ಲ ಕಕ್ಕಿ, ಸಣ್ಣ ಬಾಯಿಯ ವಾಲ್ವಿನಲ್ಲಿ ನುಸುಳಿ, ತಣ್ಣಗಾಗಿ ಮತ್ತೆ ಮೊದಲಿನ ಜಾಗಕ್ಕೆ ಬರುತ್ತದೆ. ಕಕ್ಕಿದ ಬಿಸಿಯನ್ನು ಫ್ಯಾನಿನ ಗಾಳಿ ಒಯ್ದರೆ ಅದು ಗಾಳಿಯ ಚಿಲ್ಲರ್, ನೀರು ಒಯ್ದರೆ ನೀರಿನ ಚಿಲ್ಲರ್. ಹಿಂಡುವುದರಲ್ಲೂ ಜಾತಿಗಳಿವೆ: ಪಿಸ್ಟನ್ನಿನದು ಹಳೇದು, ಕಬ್ಬಿನ ಗಾಣದಂತೆ ಎರಡು ಸ್ಕ್ರೂ ಒಂದಕ್ಕೊಂದು ಹೆಣೆದು ತಿರುಗುವುದು ಹೊಸದು, ಬುಗುರಿಯಂತೆ ತಿರುಗುವುದು ಊರಿನಷ್ಟು ದೊಡ್ಡ ಕಟ್ಟಡಗಳಿಗೆ. ಕೊನೆಗೆ, ಕಂಪ್ರೆಸರೇ ಇಲ್ಲದ, ಸಕ್ಕರೆ ಕಾರ್ಖಾನೆಯ ಉಳಿಕೆ ಉಗಿಯ ಮೇಲೆ ನಡೆಯುವ ಚಿಲ್ಲರೂ ಒಂದಿದೆ ಎಂದು ಅವನು ಹೇಳುವ ಹೊತ್ತಿಗೆ, ಬೆಂಕಿ ಹಚ್ಚಿ ತಂಪು ಮಾಡುವ ಈ ಮನುಷ್ಯನನ್ನು ಬಿಟ್ಟು ಮಂದಿ ಕೈ ತೊಳೆಯಲು ಎದ್ದುಬಿಡುತ್ತಿದ್ದರು.

ಅವನು ಹೇಳಿದ್ದೆಲ್ಲ ನಿಜವೇ. ಸುಳ್ಳು ಇದ್ದದ್ದು ಒಂದೇ ಕಡೆ. ಸವದತ್ತಿ ರಸ್ತೆಯ ಹಾಲು ತಂಪು ಮಾಡುವ ಕೇಂದ್ರದಲ್ಲಿ ತಾನು ಇಂಜಿನಿಯರ್ ಎಂದು ಬಳಗಕ್ಕೆಲ್ಲ ಹೇಳಿಕೊಂಡಿದ್ದ. ಒಂಬತ್ತು ವರ್ಷದಿಂದ ಅವನು ಮಾಡುತ್ತಿದ್ದ ಕೆಲಸ ಎರಡು: ಖಾಲಿಯಾದ ಟ್ಯಾಂಕಿನೊಳಗೆ ಇಳಿದು ಬ್ರಷ್ಷಿನಿಂದ ತಿಕ್ಕಿ ತೊಳೆಯುವುದು, ಮತ್ತು ತಾಸಿಗೊಮ್ಮೆ ಹಾಲಿನ ಡಿಗ್ರಿ ನೋಡಿ ಹಾಳೆಯ ಮೇಲೆ ಬರೆಯುವುದು.

ಈ ಗುಟ್ಟು ಬಲ್ಲವರು ಅವನ ದೊಡ್ಡಪ್ಪ ರಾಮಲಿಂಗಪ್ಪ ಒಬ್ಬರೇ. ತಂದೆಯಿಲ್ಲದ ಕಲ್ಮೇಶನನ್ನು ಮನೋಳಿಯ ತಮ್ಮ ಮನೆಯಲ್ಲೇ ಇಟ್ಟುಕೊಂಡು ಬೆಳೆಸಿದವರು ಅವರು. ಬಸ್ ಸ್ಟ್ಯಾಂಡಿನಲ್ಲಿ ಕಂಟ್ರೋಲರ್ ಆಗಿದ್ದವರು. ಒಂದು ದಿನ ರೊಟ್ಟಿಯ ಗಂಟು ಕೊಡಲು ಕೇಂದ್ರಕ್ಕೆ ಹೋದಾಗ, ಇಂಜಿನಿಯರ್ ಸಾಹೇಬರ ಎರಡು ಕಾಲು ಮಾತ್ರ ಟ್ಯಾಂಕಿನ ಬಾಯಿಂದ ಹೊರಗೆ ಕಂಡಿದ್ದವು. ಗಂಟನ್ನು ಅಲ್ಲೇ ಇಟ್ಟು ಸದ್ದಿಲ್ಲದೆ ಮರಳಿದರು. ಮುಂದಿನ ಮದುವೆಯಲ್ಲಿ ತಾವೇ ಹತ್ತು ಜನರೆದುರು ಅವನನ್ನು ಕರೆದು, ಆ ಸ್ಕ್ರೂ ಮಷಿನ್ನಿನ ಸುದ್ದಿ ಇನ್ನೊಮ್ಮೆ ಹೇಳಿಸಿ, ಮೊದಲ ಸಲ ಕೇಳಿದವರಂತೆ ತಲೆದೂಗಿದ್ದರು.

ಆ ರಾಮಲಿಂಗಪ್ಪ ಮೇ ತಿಂಗಳ ಒಂದು ನಸುಕಿನಲ್ಲಿ ಎದ್ದು ಬಚ್ಚಲಿಗೆ ಹೋಗಿ ಬಂದು, ಮತ್ತೆ ಮಲಗಿ, ಏಳಲಿಲ್ಲ.

ಹೆಂಡತಿ ಮೊದಲೇ ಹೋಗಿದ್ದರು. ಮನೆಯಲ್ಲಿ ಇದ್ದವಳು ಅವರ ಅಕ್ಕ ರಾಚವ್ವ, ಎಂಬತ್ತರ ಮುದುಕಿ. ಒಬ್ಬಳೇ ಮಗಳು ಅನ್ನಪೂರ್ಣಾ ಪುಣೆಯ ಒಂದು ಆಸ್ಪತ್ರೆಯಲ್ಲಿ ನರ್ಸು. ಫೋನ್ ಹಚ್ಚಿದವನು ಕಲ್ಮೇಶನೇ. ಅವಳು ಅಳಲಿಲ್ಲ. ಕಾರು ಸಿಕ್ಕರೆ ನಾಲ್ಕು ಗಂಟೆಗೆಲ್ಲ ಬಂದು ಮುಟ್ಟುತ್ತೇನೆ ಎಂದಳು.

‘ಅಣ್ಣಾ, ನಾ ಬರೂ ಮಟ ಅಪ್ಪನ್ನ ತಗೀಬ್ಯಾಡ್ರಿ. ಅಪ್ಪ ಕುಂತದ್ದನ್ನ ನೋಡಬೇಕ ನಾ. ಅವ್ವ ಹ್ವಾದಾಗ ನನಗ ಸಿಗಲೇ ಇಲ್ಲ. ನಿನ್ನ ಮ್ಯಾಲ ಬಿಟ್ಟೇನಿ.’

ಕುಂತದ್ದನ್ನು ಎಂದು ಅವಳು ಅಂದದ್ದಕ್ಕೆ ಅರ್ಥವಿತ್ತು. ಅವರಂಥ ಲಿಂಗವಂತ ಮನೆತನಗಳಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಜೀವ ಹೋದ ಸ್ವಲ್ಪ ಹೊತ್ತಿನಲ್ಲೇ, ಮೈ ಸೆಟೆಯುವ ಮೊದಲು, ಗೋಡೆಗೆ ಆನಿಸಿ ಕೂರಿಸುತ್ತಾರೆ. ಹಣೆಗೆ ವಿಭೂತಿ, ಎಡ ಅಂಗೈಯಲ್ಲಿ ಲಿಂಗ. ಕೂತವರ ಸುತ್ತ ಭಜನೆ, ಕೂತಲ್ಲೇ ಪೂಜೆ, ಕೂತಂತೆಯೇ ಮಣ್ಣು. ಹೊತ್ತು ಮುಳುಗುವುದರೊಳಗೆ ಮುಗಿಯಬೇಕು.

ರಾಚವ್ವ ಅದನ್ನೇ ಹೇಳಿದಳು. ತಮ್ಮನನ್ನು ಮೊದಲು ಕೂರಿಸಿ, ಮುಂದೆ ಎರಡು ಬುಟ್ಟಿ ಬರ್ಫ ಇಟ್ಟರೆ ಸಂಜೆಯ ತನಕ ಏನೂ ಆಗುವುದಿಲ್ಲ, ತಾನು ಇಂಥವು ಎಷ್ಟೋ ನೋಡಿದ್ದೇನೆ ಎಂದಳು. ಬರ್ಫ ಎಂಬ ಮಾತು ಕೇಳಿ ಕಲ್ಮೇಶನಿಗೆ ಮೈ ಉರಿಯಿತು. ಒಂಬತ್ತು ವರ್ಷ ಹಾಲು ನಾಲ್ಕು ಡಿಗ್ರಿ ದಾಟದಂತೆ ಕಾವಲು ಕಾದವನ ದೊಡ್ಡಪ್ಪ, ಸಂತೆಯ ಮೀನಿನ ಹಾಗೆ ಬರ್ಫದ ಮುಂದೆ ಕೂರುವುದೇ. ಅಂದು ಬಿಸಿಲು ನಲವತ್ತೊಂದಕ್ಕೆ ಏರುತ್ತದೆ ಎಂದು ಮೊಬೈಲು ಬೇರೆ ಹೇಳುತ್ತಿತ್ತು. ಅವನು ಸವದತ್ತಿಗೆ ಫೋನ್ ಮಾಡಿ ಹೆಣ ಇಡುವ ಫ್ರೀಜರ್ ಪೆಟ್ಟಿಗೆ ತರಿಸಿದ.

ಪೆಟ್ಟಿಗೆಯ ಜತೆ ಟೆಂಪೋ ಹೊಡೆದುಕೊಂಡು ಬಂದವನು ಪರಶು. ಈ ದಂಧೆಯಲ್ಲಿ ಹತ್ತು ವರ್ಷ ಪಳಗಿದವನು. ಮನೆಯವರ ಹಣೆಯ ವಿಭೂತಿ ನೋಡಿ ಬಾಗಿಲಲ್ಲೇ ನಿಂತ.

‘ನಿಮ್ಮ ಮಂದಿಯಾಗ ಕುಂದರಸ್ತಾರಲ್ರೀ. ಇದು ಮಲಗಿಸೂ ಪೆಟಿಗಿ.’

‘ಸಂಜೀಕ ಕುಂದರಸ್ತೇವಿ. ನಮಗ ಚಿಲ್ಲರಿನ ಸುದ್ದಿ ಹೇಳಬ್ಯಾಡ ತಮ್ಮಾ,’ ಎಂದ ಕಲ್ಮೇಶ.

ಪರಶು ಪೆಟ್ಟಿಗೆ ಇಳಿಸಿ ವೈರು ಹಚ್ಚಿದ. ಗಿರಾಕಿಗೆ ಬುದ್ಧಿ ಹೇಳಿ ಕೆಟ್ಟ ನೆನಪುಗಳು ಅವನಿಗೂ ಇದ್ದವು.

ಏಳು ಗಂಟೆಗೆ ರಾಮಲಿಂಗಪ್ಪನವರನ್ನು ಗಾಜಿನ ಮುಚ್ಚಳದ ಕೆಳಗೆ ಉದ್ದಕ್ಕೆ ಮಲಗಿಸಿದ್ದಾಯಿತು. ಕೇಂದ್ರದ ಶಿಸ್ತು ಕಲ್ಮೇಶನ ಕೈಗಳಿಗೆ ತಾನಾಗಿ ಬಂತು. ಒಂದು ಬಿಳಿ ಹಾಳೆಗೆ ಗೆರೆ ಎಳೆದು ಪೆಟ್ಟಿಗೆಗೆ ಅಂಟಿಸಿದ. ವೇಳೆ, ಡಿಗ್ರಿ, ವಾಸನೆ, ರುಚಿ, ಸಹಿ ಎಂಬ ಐದು ಅಂಕಣ ಬರೆದ ಮೇಲೆ, ಹಾಲಿಗೂ ಹಿರಿಯರಿಗೂ ಇರುವ ವ್ಯತ್ಯಾಸ ಹೊಳೆದು ನಾಲ್ಕನೆಯದನ್ನು ಹೊಡೆದುಹಾಕಿದ. ಎಂಟಕ್ಕೆ ಹದಿನೆಂಟು, ವಾಸನೆ ಇಲ್ಲ, ಸಹಿ. ಒಂಬತ್ತಕ್ಕೆ ಹನ್ನೊಂದು, ವಾಸನೆ ಇಲ್ಲ, ಸಹಿ. ದುಃಖಕ್ಕೆ ಬಂದವರು ಮೊದಲು ಮುಖ ನೋಡಿ ಕೈಮುಗಿದು, ಆಮೇಲೆ ಹಾಳೆ ಓದಿ ತಲೆಯಾಡಿಸುತ್ತಿದ್ದರು. ಇಷ್ಟು ವ್ಯವಸ್ಥಿತವಾದ ಸಾವನ್ನು ಮನೋಳಿ ಕಂಡಿರಲಿಲ್ಲ.

ತಂಪು ಹೊರಗೆ ಹೋಗಬಾರದೆಂದು ಅವನು ಪಡಸಾಲೆಯ ಕಿಟಕಿ, ಬಾಗಿಲುಗಳನ್ನೆಲ್ಲ ಮುಚ್ಚಿಸಿದ. ಕೇಂದ್ರದಲ್ಲಿ ಹಾಗೇ ಮಾಡುತ್ತಿದ್ದರು. ಆದರೆ ಕೇಂದ್ರದಲ್ಲಿ ಬಿಸಿ ಕಕ್ಕುವ ಸುರುಳಿ ಗೋಡೆಯ ಆಚೆ ಇತ್ತು. ಇಲ್ಲಿ ಅದು ಪೆಟ್ಟಿಗೆಯ ಬುಡದಲ್ಲೇ ಇದ್ದು, ಒಳಗೆ ಎತ್ತಿದ್ದನ್ನೆಲ್ಲ ಪಡಸಾಲೆಗೇ ಊದುತ್ತಿತ್ತು. ಹತ್ತು ಗಂಟೆಗೆ ರಾಮಲಿಂಗಪ್ಪನವರು ಎಂಟು ಡಿಗ್ರಿಯಲ್ಲಿದ್ದರು. ಅವರಿಗಾಗಿ ಅಳಲು ಬಂದ ನಲವತ್ತು ಮಂದಿ ಬೆಂದು ಬದನೆಕಾಯಿಯಾಗಿದ್ದರು. ಭಜನೆಯವರಲ್ಲಿ ತಾಳದವನು ಎದ್ದು ಹೋದ, ದಪ್ಪಿನವನು ಗೋಡೆಗೆ ಒರಗಿ ಕಣ್ಣು ಮುಚ್ಚಿದ.

ಮನೆಮನೆಯ ಮಣ್ಣಿನ ಉಸ್ತುವಾರಿ ವಹಿಸುವ ನಿಜಗುಣಪ್ಪ ಎಂಬ ಹಿರಿಯರು, ಕುಣಿ ತೋಡಿಸಲು ಹೊರಟವರು, ಬಾಗಿಲು ತೆರೆದು ಒಳಗೆ ಇಣುಕಿ, ಇದೇನು ಹೆಣದ ಮನೆಯೋ ಇಟ್ಟಿಗೆಯ ಬಟ್ಟಿಯೋ ಎಂದು ಕೇಳಿದರು. ಕಲ್ಮೇಶ ಸಮಾಧಾನದಿಂದ ವಿವರಿಸಿದ. ಈ ಬಿಸಿ ಬೇರೆ ಕಡೆಯಿಂದ ಬಂದದ್ದಲ್ಲ. ಬಹುಪಾಲು ಕರೆಂಟಿನದು, ಉಳಿದದ್ದು ದೊಡ್ಡಪ್ಪನವರ ಮೈಯಲ್ಲಿದ್ದದ್ದು. ಒಳಗಿಂದ ಎತ್ತಿ ಹೊರಗೆ ಕೊಡುತ್ತಿದೆ, ಅಷ್ಟೇ.

ಮೂಲೆಯಲ್ಲಿದ್ದ ರಾಚವ್ವ ಕೋಲು ಊರಿಕೊಂಡು ಎದ್ದು ಬಂದು, ಪೆಟ್ಟಿಗೆಯ ಬುಡದ ಜಾಲರಿಯ ಮುಂದೆ ಕುಕ್ಕರಿಸಿದಳು. ಚಳಿಗಾಲದಲ್ಲಿ ಒಲೆಯ ಮುಂದೆ ಹಿಡಿಯುವಂತೆ ಎರಡೂ ಅಂಗೈಗಳನ್ನು ಅದಕ್ಕೆ ಹಿಡಿದಳು. ಏಳು ಎಂದರೆ ಏಳಲಿಲ್ಲ.

ಹನ್ನೊಂದಕ್ಕೆ ಪೆಟ್ಟಿಗೆ ತಾನೇ ಕಾದು ಬಂದ್ ಬಿತ್ತು. ಕಲ್ಮೇಶ ಕಿಟಕಿಗಳನ್ನು ತೆಗೆಸಿ, ಗೋಣಿತಟ್ಟು ನೆನೆಸಿ ಜಾಲರಿಯ ಮುಂದೆ ತೂಗುಬಿಟ್ಟ. ಐದು ನಿಮಿಷಕ್ಕೆ ಮಷಿನ್ನು ಗುರ್ ಎಂದು ಮತ್ತೆ ಹೊರಟಿತು. ಗಾಳಿಯ ಚಿಲ್ಲರನ್ನು ನೀರಿನ ಚಿಲ್ಲರ್ ಮಾಡಿದ್ದೇನೆ ಎಂದು ಅವನು ಘೋಷಿಸಿದಾಗ, ಅದುವರೆಗೆ ಅನುಮಾನವಿದ್ದವರಿಗೂ ಅವನು ಇಂಜಿನಿಯರನೇ ಎಂಬುದು ಖಾತ್ರಿಯಾಯಿತು. ಒಬ್ಬರು ಅಲ್ಲೇ ಮೆಲ್ಲಗೆ, ಮನೆಯ ಫ್ರಿಜ್ಜು ಬರ್ಫ ಕಟ್ಟುತ್ತಿಲ್ಲ, ಮೂರು ದಿವಸದ ಕಾರ್ಯ ಮುಗಿದ ಮೇಲೆ ಬಂದು ನೋಡಬೇಕು ಎಂದು ಕೇಳಿಕೊಂಡರು. ನೋಡೋಣ ಎಂದ ಕಲ್ಮೇಶ, ದುಃಖ ಮತ್ತು ಗಾಂಭೀರ್ಯ ಎರಡೂ ಕಾಣುವ ಹಾಗೆ. ಹಾಳೆಯ ಮೇಲೆ ಹನ್ನೆರಡು ಗಂಟೆಗೆ ನಾಲ್ಕು ಡಿಗ್ರಿ ಎಂದು ಬರೆದು ಅಡಿಗೆರೆ ಎಳೆದ. ಅವನ ಬದುಕಿನಲ್ಲಿ ಅದಕ್ಕಿಂತ ಎತ್ತರದ ಗಳಿಗೆ ಇರಲಿಲ್ಲ. ಅದು ಒಂದು ತಾಸು ನಿಂತಿತು.

ಒಂದಕ್ಕೆ ಪೂಜೆ ಮಾಡಿಸುವ ಅಯ್ಯನವರು ಬಂದರು. ಮಗಳು ಬರುವುದರೊಳಗೆ ಸ್ನಾನ, ವಿಭೂತಿ ಮುಗಿಸಿ ಸಿದ್ಧ ಮಾಡಿ ಇಡೋಣ, ಎಬ್ಬಿಸಿ ಕೂರಿಸಿರಿ ಎಂದರು. ನಾಲ್ವರು ಮುಚ್ಚಳ ತೆಗೆದು ಹೆಗಲಿಗೆ ಕೈಕೊಟ್ಟು ಎತ್ತಿದರು. ತಲೆ ಎತ್ತಿದರೆ ಕಾಲೂ ಜತೆಗೆ ಎದ್ದವು. ಕಾಲು ಒತ್ತಿದರೆ ತಲೆ ಎದ್ದಿತು. ರಾಮಲಿಂಗಪ್ಪನವರು ಬಾಗಿಲಿನ ತೊಲೆಯ ಹಾಗೆ ಒಂದೇ ತುಂಡಾಗಿದ್ದರು.

ಅಯ್ಯನವರು ಕೈಯಲ್ಲಿದ್ದ ತಂಬಿಗೆ ಕೆಳಗಿಟ್ಟರು. ನಲವತ್ತು ವರ್ಷದಲ್ಲಿ ಎಷ್ಟೋ ಜನರನ್ನು ಕೂರಿಸಿದ್ದೇನೆ, ಕೂರಲೊಲ್ಲೆ ಎಂದವರನ್ನು ಇಂದೇ ಕಂಡದ್ದು ಎಂದರು. ಆಮೇಲೆ ಎಲ್ಲರೂ ಒಟ್ಟಿಗೆ ಮಾತಾಡಿದರು. ನಿಜಗುಣಪ್ಪನವರ ಚಿಂತೆ ಕುಣಿಯದು. ಕೂತವರ ಅಳತೆಗೆ ತೋಡಿಸಿದ್ದಾರೆ, ಬೆನ್ನು ಆನಿಸುವ ಗೂಡೂ ಕೊರೆಸಿದ್ದಾರೆ, ಈಗ ಉದ್ದ ಮಾಡಿಸಬೇಕೆಂದರೆ ಕೆಳಗೆ ಬಂಡೆ. ಒಬ್ಬರು ನಿಲ್ಲಿಸಿಯೇ ಇಳಿಸಿದರೆ ಹೇಗೆ ಎಂದರು. ಇನ್ನೊಬ್ಬರು, ಏಣಿಯ ಹಾಗೆ ಓರೆಯಾಗಿ ಆನಿಸಬಹುದು ಎಂದರು. ಕಾಲ ಬದಲಾಗಿದೆ, ಮಲಗಿಸಿಯೇ ಮಣ್ಣು ಮಾಡಿದರೆ ಏನಾಯಿತು ಎಂದವರೂ ಇದ್ದರು. ರಾಚವ್ವ ಅವರ ಕಡೆ ತಿರುಗಿ ಒಂದೇ ಮಾತು ಹೇಳಿದಳು.

‘ಮೂವತ್ತ ವರ್ಷ ಕುರ್ಚಿ ಮ್ಯಾಲ ಕುಂತ ದುಡದಾಂವ ನನ್ನ ತಮ್ಮ. ಅಂವನ್ನ ಕಟಗೀ ಹಂಗ ಒಗೀಬ್ಯಾಡ್ರಿ.’

ಕಲ್ಮೇಶ ಪೆಟ್ಟಿಗೆಯ ಸ್ವಿಚ್ಚುಗಳ ಮುಂದೆ ಬಾಗಿದ. ಮಷಿನ್ನನ್ನು ಉಲ್ಟಾ ನಡೆಸಿದರೆ ಬಿಸಿ ಒಳಗೆ ಬರುತ್ತದೆ ಎಂದ. ಪುಸ್ತಕದ ಪ್ರಕಾರ ಅದೂ ನಿಜವೇ. ಈ ಪೆಟ್ಟಿಗೆಗೆ ಉಲ್ಟಾ ನಡೆಯುವ ಸ್ವಿಚ್ಚು ಇಲ್ಲ ಎಂದು ಪರಶು ತಿಳಿಸಿದ. ಆಗ ಕಲ್ಮೇಶ, ನಮ್ಮ ಪ್ಲಾಂಟಿನ ಸೂಪರ್‌ವೈಜರ್ ಜತೆ ಟೆಕ್ನಿಕಲ್ ಮಾತಾಡುತ್ತೇನೆ ಎಂದು ಎಲ್ಲರೆದುರು ಫೋನ್ ಹಚ್ಚಿದ. ಗದ್ದಲದಲ್ಲಿ ಕೇಳಿಸದೆಂದು ಸ್ಪೀಕರ್ ಒತ್ತಿದ. ಗದ್ದಲ ಅದೇ ಗಳಿಗೆಗೆ ನಿಂತಿತು.

‘ಎಲ್ಲಿ ಸತ್ತೀಯೋ ಕಲ್ಮೇಶಾ,’ ಎಂದಿತು ಫೋನು. ‘ಎರಡು ಟ್ಯಾಂಕ್ ಹಂಗ ಬಿದ್ದಾವು, ತೊಳ್ಯಾಕ ಯಾರೂ ಇಲ್ಲ.’

ಕಲ್ಮೇಶ ಸಣ್ಣ ದನಿಯಲ್ಲಿ ವಿಷಯ ಹೇಳಿದ.

‘ಎಲಾ ಇವನ. ಸತ್ತ ಮೈ ತಾನ ಸೆಟೀತೈತಿ. ತಂಪಿನ್ಯಾಗ ಇಟ್ರ ಆ ಸೆಟಗೊಂಡದ್ದು ಲಗೂನ ಬಿಡೂದಿಲ್ಲ. ಟ್ಯಾಂಕ್ ತೊಳಿಯಾಂವಗ ಇವೆಲ್ಲಾ ಯಾರ ಹೇಳಿದ್ರೋ ನಿನಗ.’

ಫೋನು ಇಟ್ಟ ಮೇಲೆ ಯಾರೂ ನಗಲಿಲ್ಲ. ನಕ್ಕಿದ್ದರೆ ಅವನಿಗೆ ಅನುಕೂಲವಾಗುತ್ತಿತ್ತು. ಫ್ರಿಜ್ಜಿನವರು ಮಾತ್ರ ಮುಖ ಆಚೆ ತಿರುಗಿಸಿದರು. ನಿಜಗುಣಪ್ಪನವರು ಹಾಳೆಯ ಮುಂದೆ ಹೋಗಿ, ಕನ್ನಡಕ ಏರಿಸಿ, ವಾಸನೆ ಇಲ್ಲ, ವಾಸನೆ ಇಲ್ಲ ಎಂದು ಮೇಲಿಂದ ಕೆಳಗೆ ಗಟ್ಟಿಯಾಗಿ ಓದಿ, ಸಹಿಗಳನ್ನು ಒಂದೊಂದಾಗಿ ಬೆರಳಿನಿಂದ ಮುಟ್ಟಿ, ಅದನ್ನು ಕಿತ್ತು ನಾಲ್ಕು ಮಡಿಕೆ ಮಾಡಿ ಕಲ್ಮೇಶನ ಅಂಗಿಯ ಕಿಸೆಯಲ್ಲಿ ಇಟ್ಟರು.

ಅವನು ಹಿತ್ತಿಲಿಗೆ ಹೋಗಿ ನೀರಿನ ಟಾಕಿಯ ಹಿಂದೆ ನಿಂತ. ಅನ್ನಪೂರ್ಣಾ ನಾಲ್ಕೂವರೆಗೆ ಬಂದಾಗಲೂ ಅಲ್ಲೇ ಇದ್ದ. ಮುಂಬಾಗಿಲಲ್ಲಿ ಅಳು ಎದ್ದದ್ದು, ಒಮ್ಮೆಲೇ ನಿಂತದ್ದು, ಆಮೇಲೆ ಹತ್ತು ಬಾಯಿಗಳು ತನ್ನ ಹೆಸರು ಹೇಳಿದ್ದು ಎಲ್ಲ ಕೇಳಿಸಿತು. ಕೊನೆಗೆ ಅವಳ ದನಿ ಹತ್ತಿರದಲ್ಲೇ ಬಂತು. ವಾರ್ಡಿನಲ್ಲಿ ಮೂವತ್ತು ಜನರನ್ನು ಸಂಭಾಳಿಸಿ ಮನೆಗೆ ಬಂದು ಮಕ್ಕಳ ಗಣಿತ ನೋಡುವ ಹೆಂಗಸಿನ ದನಿ. ಅದರಲ್ಲಿ ಸಿಟ್ಟಿಗೂ ಪುರಸೊತ್ತಿರಲಿಲ್ಲ.

‘ಅಣ್ಣಾ, ಬಿಸಿನೀರ ಕಾಸು. ಎಣ್ಣಿ ತಾ. ಹೊತ್ತಿಲ್ಲ ನಮಗ.’

ಪಡಸಾಲೆಯಿಂದ ಎಲ್ಲರನ್ನೂ ಹೊರಗೆ ಕಳಿಸಿದಳು, ರಾಚವ್ವನೊಬ್ಬಳನ್ನು ಬಿಟ್ಟು. ದವಡೆಯಿಂದ ಶುರು ಮಾಡಿದಳು. ಬಿಸಿನೀರಿನ ಬಟ್ಟೆ ಸುತ್ತಿ, ಕಾದು, ತಿಕ್ಕಿ, ಮೆಲ್ಲಗೆ ಮಣಿಸಿದಳು. ಆಮೇಲೆ ಕುತ್ತಿಗೆ. ಆಮೇಲೆ ಹೆಗಲು. ಕಲ್ಮೇಶನಿಗೆ ಹಿಡಿಯುವ ಕೆಲಸ. ಒತ್ತಲು ಹೋದಾಗ, ಒತ್ತಬೇಡ, ಬರೀ ಹಿಡಿ ಎಂದಳು. ಮೊಣಕೈ ಸಡಿಲಾದಾಗ ಒಣಗಿದ ಕಡ್ಡಿ ಮುರಿದಂಥ ಸದ್ದು. ಅವನು ಕಣ್ಣು ಮುಚ್ಚಿದ, ಅವಳು ಮುಚ್ಚಲಿಲ್ಲ. ಎಡಗೈಯ ಬೆರಳುಗಳಿಗೆ ಹೆಚ್ಚು ಹೊತ್ತು ಹಿಡಿಯಿತು. ಒಂದೊಂದನ್ನೇ ತನ್ನ ಅಂಗೈಯಲ್ಲಿ ಇಟ್ಟುಕೊಂಡು ತೀಡಿ ಬಿಡಿಸಿದಳು, ಲಿಂಗ ಕೂರುವಷ್ಟು ಜಾಗ ಆಗುವ ತನಕ. ಸೊಂಟ, ಮೊಣಕಾಲಿಗೆ ಇಬ್ಬರೂ ಬೇಕಾದರು. ಆರು ಗಂಟೆಗೆ ಹತ್ತು ನಿಮಿಷ ಇರುವಾಗ ರಾಮಲಿಂಗಪ್ಪನವರು ಮಡಿಸಿದ ಕಾಲ ಮೇಲೆ, ಗೋಡೆಗೆ ಬೆನ್ನು ಕೊಟ್ಟು ಕೂತರು.

ಅನ್ನಪೂರ್ಣಾ ನಾಲ್ಕು ಹೆಜ್ಜೆ ಹಿಂದೆ ಸರಿದು ನೋಡಿದಳು. ಆಗ ಅತ್ತಳು, ಅದೂ ಸ್ವಲ್ಪ ಹೊತ್ತು.

ಕೂತದ್ದೇನೋ ಆಯಿತು, ನಡು ಮಾತ್ರ ಪೂರ್ತಿ ಮಣಿದಿರಲಿಲ್ಲ. ಗೋಡೆ ಬಿಟ್ಟರೆ ಹಿಂದಕ್ಕೆ ವಾಲುತ್ತಿದ್ದರು. ಟ್ರ್ಯಾಕ್ಟರ್ ಟ್ರಾಲಿಯ ಮೇಲಿನ ಹೂವಿನ ಕುರ್ಚಿಗೆ ಕಟ್ಟಿ ನೋಡಿದರು, ಹಗ್ಗ ಬಿಗಿದರೆ ಮುಖ ಮೇಲಾಗಿ ಆಕಾಶ ನೋಡುತ್ತಿತ್ತು. ಹೊತ್ತು ಇಳಿಯುತ್ತಿತ್ತು. ಹಿಂದೆ ಒಬ್ಬರು ಕೂತು ತಬ್ಬಿ ಹಿಡಿಯಬೇಕು ಎಂದರು ಅಯ್ಯನವರು. ಯಾರು ಎಂದು ಯಾರೂ ಕೇಳಲಿಲ್ಲ. ಎಲ್ಲರೂ ಒಂದೇ ಕಡೆ ನೋಡಿದರು.

ಹಾಗಾಗಿ ಮನೋಳಿಯ ಬೀದಿಗಳಲ್ಲಿ ಅಂದು ಇಬ್ಬರ ಮೆರವಣಿಗೆ ಹೊರಟಿತು. ಮುಂದೆ ಕೂತ ರಾಮಲಿಂಗಪ್ಪನವರು, ಹಿಂದೆ ಅವರ ಕಂಕುಳಲ್ಲಿ ಕೈ ತೂರಿಸಿ, ಹೆಗಲ ಮೇಲೆ ಗದ್ದ ಇಟ್ಟ ಕಲ್ಮೇಶ. ಹೂವಿನ ಮಾಲೆ ಇಬ್ಬರಿಗೂ ಸೇರಿ ಬಿದ್ದಿತ್ತು. ಕಟ್ಟೆಯ ಮೇಲಿನ ಕಣ್ಣು ಮಂಜಾದ ಮುದುಕರೊಬ್ಬರು ಎದ್ದು ನಿಂತು, ಹೋದವರು ಇಬ್ಬರೇ ಎಂದು ಪಕ್ಕದವರನ್ನು ಕೇಳಿ, ಎರಡು ಸಲ ಕೈಮುಗಿದರು. ಮಂಡಕ್ಕಿ ಎರಚುವವರು ಲೆಕ್ಕ ತಪ್ಪಿ ಇವನ ಬಾಯಿಗೂ ಎರಚಿದರು. ಟ್ರಾಲಿಯ ಅಂಚಿನಲ್ಲಿ ಕೂತಿದ್ದ ರಾಚವ್ವ ಅವನನ್ನು ನೋಡಿ ನೋಡಿ ಕೊನೆಗೆ, ‘ಇವನ ಮಾರೀನೂ ಮುಚ್ಚರಿ ಯಾರರೆ,’ ಎಂದಳು.

ಐದು ತಾಸು ಪೆಟ್ಟಿಗೆಯ ಹೊರಗಿದ್ದರೂ, ಬಿಸಿನೀರು ಹಾಕಿದ್ದರೂ, ದೊಡ್ಡಪ್ಪನ ಬೆನ್ನಿನ ಒಳಗೆ ಕಲ್ಮೇಶ ಬರೆದ ಡಿಗ್ರಿ ಇನ್ನೂ ಉಳಿದಿತ್ತು. ಅಂಗಿ ದಾಟಿ ಎದೆಗೆ ಬಂತು, ಎದೆ ದಾಟಿ ಹೊಟ್ಟೆಗೆ. ಬಿಸಿಲಿಗೆ ಕಾದ ಬೀದಿಯಲ್ಲಿ ಅವನ ಹಲ್ಲು ಕಟಕಟ ಅನ್ನತೊಡಗಿದವು. ಬಾಜಾ ಬಜಂತ್ರಿಯ ಸದ್ದಿನಲ್ಲಿ ಯಾರಿಗೂ ಕೇಳಲಿಲ್ಲ.

ಕುಣಿಯೊಳಗೆ ಮೊದಲು ಅವನು ಇಳಿದ. ಮೇಲಿನಿಂದ ನಿಜಗುಣಪ್ಪನವರೂ ಪರಶುವೂ ಇಳಿಬಿಟ್ಟಾಗ ಎದೆಗೆ ಆನಿಸಿಕೊಂಡು, ಗೂಡಿನ ಮಣ್ಣಿಗೆ ಬೆನ್ನು ಹಚ್ಚಿ ಕೂರಿಸಿದ. ಅಯ್ಯನವರು ಬಾಗಿ ವಿಭೂತಿ ಧರಿಸಿ, ಲಿಂಗವನ್ನು ಎಡ ಅಂಗೈಯಲ್ಲಿ ಇಟ್ಟರು. ಬೆರಳುಗಳು ಅದನ್ನು ಹಿಡಿದವು. ಪತ್ರಿ ಹಾಕಿದರು. ಇನ್ನು ಮೇಲೆ ಬಾ ಎಂದರು.

ಕಲ್ಮೇಶ ಮುಂದೆ ಮಂಡಿಯೂರಿ ಎರಡೂ ಹೆಗಲು ಹಿಡಿದುಕೊಂಡೇ ಇದ್ದ. ಬಿಡಪ್ಪಾ ಎಂದರು ಅಯ್ಯನವರು. ಬಿಟ್ಟರೆ ಬೀಳುತ್ತಾರೆ ಎಂದ. ಹೊತ್ತು ಮುಳುಗುತ್ತದೆ ಎಂದರು ನಿಜಗುಣಪ್ಪನವರು. ಅವನ ಕೈ ಬಿಡಲಿಲ್ಲ. ಹತ್ತೂ ಬೆರಳು ಚಳಿಗೆ ಕೊರಡಾಗಿದ್ದವು, ಅಥವಾ ಅವನು ಹಾಗೆಂದುಕೊಂಡ. ಮೇಲೆ ಸುತ್ತ ನಿಂತವರ ಮುಖಗಳು ಬೆಳಕಿಗೆ ಅಡ್ಡವಾಗಿ ಕಪ್ಪಗಿದ್ದವು. ಯಾರು ಯಾರೆಂದು ತಿಳಿಯುತ್ತಿರಲಿಲ್ಲ.

ಅಂಚಿನಲ್ಲಿ ಅನ್ನಪೂರ್ಣಾ ಕುಕ್ಕರಿಸಿದಳು.

‘ಬಿಡು ಅಣ್ಣಾ. ಕುಂತಾನ ಅಂವ.’

ಕಲ್ಮೇಶ ಎಡಗೈ ತೆಗೆದ. ಕಾದ. ಬಲಗೈ ತೆಗೆದ.

ದೊಡ್ಡಪ್ಪ ಬೀಳಲಿಲ್ಲ.